ಬಯಲುಸೀಮೆಯವರ ಮೊದಲ ದ್ವೀಪಯಾತ್ರೆ

ಮಳೆಗಾಲದ ದಿನಗಳಲ್ಲಿ ರೇಡಿಯೋ ಹಚ್ಚಿದರೆ ಒಂದು ಸೂಚನೆ ಕಿವಿಗೆ ಬೀಳುವುದುಂಟು. ಕರಾವಳಿಯಲ್ಲಿ ಗಾಳಿ ಬಿರುಸಾಗಿದೆ, ಅಲೆಗಳು ಎತ್ತರವಾಗಿ ಏಳುವ ಸಂಭವವಿದೆ, ಮೀನುಗಾರರು ಕಡಲಿಗಿಳಿಯಬಾರದು ಎಂಬ ಸೂಚನೆ ಅದು. ಕಲಬುರಗಿಯ ನಮಗೆ ಈ ಮಾತಿನಿಂದ ಆಗಬೇಕಾದ್ದೇನೂ ಇಲ್ಲವೆಂದು ನಾವು ಮುಂದಿನ ಹಾಡಿಗಾಗಿ ಕಾದು ಕೂಡುತ್ತೇವೆ. ಆದರೆ ಈ ಸಲ ಚಳಿಗಾಲದ ರಜೆಯಲ್ಲಿ ಮಕ್ಕಳಿಗೆ ಒಂದು ದ್ವೀಪವನ್ನು ತೋರಿಸಬೇಕೆಂದು ನೀವು ಮನಸ್ಸು ಮಾಡಿದ್ದರೆ, ಆ ಸೂಚನೆಯನ್ನು ಪೂರ್ತಿ ಕೇಳುವ ಅಭ್ಯಾಸ ಈಗಿನಿಂದಲೇ ಆಗಲಿ. ಕಡಲ ಮೇಲೆ ಹೋಗುವವನಿಗೆ ಹಣ, ಧೈರ್ಯ, ಹಡಗು ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಋತುವಿನ ತಿಳಿವಳಿಕೆ. ಇದನ್ನು ಅರಿಯದೆ ಹೊರಟವರು ಎಂಥೆಂಥ ದೊಡ್ಡವರು, ಏನೇನು ಪಟ್ಟರು ಎಂಬುದರ ಕಥೆ ನಮ್ಮ ಕಲಬುರಗಿಯ ಇತಿಹಾಸದೊಡನೆಯೇ ಹೆಣೆದುಕೊಂಡಿದೆ.

ಕಲಬುರಗಿಗೂ ಕಡಲಿಗೂ ಏನು ಸಂಬಂಧವೆಂದು ಕೇಳಬಹುದು. ನಿಮ್ಮ ಮನೆಯ ನೆಲವನ್ನು ನೋಡಿರಿ. ಅಲ್ಲಿ ಹಾಸಿರುವ ಶಹಾಬಾದಿನ ಪರಸಿ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಈ ಭೀಮಾತೀರದ ಮೇಲೆ ಹರಡಿಕೊಂಡಿದ್ದ ತೆಳುನೀರಿನ ಕಡಲ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು. ಇದು ಭೂವಿಜ್ಞಾನದ ಮಾತಾಯಿತು. ಮನುಷ್ಯರ ಇತಿಹಾಸಕ್ಕೆ ಬಂದರೂ ಸಂಬಂಧ ಕಡಿಮೆಯದಲ್ಲ. 1347ರಲ್ಲಿ ಇಲ್ಲಿ ನೆಲೆಗೊಂಡ ಬಹಮನಿ ರಾಜ್ಯ ಕುದುರೆಯ ಮೇಲೆ ನಿಂತ ರಾಜ್ಯವಾಗಿತ್ತು. ದಖ್ಖನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ. ಅರಬಸ್ತಾನ, ಪಾರಸಗಳ ಕುದುರೆಗಳು ಹೊರ್ಮುಜ್ ಎಂಬ ಪುಟ್ಟ ದ್ವೀಪದಲ್ಲಿ ಹಡಗನ್ನೇರಿ ಚೌಲ, ದಾಭೋಳ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ, ಈ ಬಯಲಿಗೆ ಬರಬೇಕಾಗಿತ್ತು. ಅರಸರೊಡನೆ ಕವಿಗಳು, ಪಂಡಿತರು, ವೈದ್ಯರು ಬಂದದ್ದೂ ಅದೇ ದಾರಿಯಿಂದ. ಫಿರೋಜ್ ಷಾ ಬಹಮನಿಯು ವಿದೇಶದ ಸರಕನ್ನೂ ಅದಕ್ಕಿಂತ ಹೆಚ್ಚಾಗಿ ವಿದೇಶದ ವಿದ್ವಾಂಸರನ್ನೂ ತರಲೆಂದು ಪ್ರತಿವರ್ಷ ಹಡಗುಗಳನ್ನು ಕಳುಹಿಸುತ್ತಿದ್ದನೆಂದು ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ.

ಆದರೆ ಕರೆದರೂ ಬಾರದೆ ಹೋದವನೊಬ್ಬನಿದ್ದಾನೆ. ಅವನ ಕಥೆಯೇ ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು.

ಎರಡನೆಯ ಮಹಮ್ಮದ್ ಷಾ 1378ರಿಂದ 1397ರವರೆಗೆ ಕಲಬುರಗಿಯಲ್ಲಿ ಆಳಿದನು. ಫಿರಿಶ್ತಾ ಇವನನ್ನು ಮಹಮೂದ್ ಎಂದು ಕರೆದಿದ್ದರೂ ನಾಣ್ಯಗಳಲ್ಲಿರುವ ಹೆಸರು ಮಹಮ್ಮದ್. ಯುದ್ಧಪ್ರಿಯನಲ್ಲದ, ಕಾವ್ಯಪ್ರಿಯನಾದ ಈ ಸುಲ್ತಾನನ ಆಸ್ಥಾನದಲ್ಲಿ ಮೀರ್ ಫಜಲುಲ್ಲಾ ಇಂಜು ಎಂಬ ಪಂಡಿತನಿದ್ದನು. ಷಿರಾಜಿನ ಹಾಫಿಜ್ ಕವಿಗೆ ದಖ್ಖನನ್ನು ನೋಡುವ ಆಸೆಯಿದೆ, ಆದರೆ ಕೈಯಲ್ಲಿ ಕಾಸಿಲ್ಲ ಎಂಬುದು ಅವನಿಗೆ ತಿಳಿದು, ದಾರಿಯ ಖರ್ಚಿಗೆಂದು ಹಣವನ್ನೂ ಆಮಂತ್ರಣವನ್ನೂ ಕಳುಹಿಸಿದನು. ಹಾಫಿಜ್ ಹೊರಟನು. ಆದರೆ ಆ ಹಣದಲ್ಲಿ ಒಂದು ಪಾಲು ಸೋದರಿಯ ಮಕ್ಕಳಿಗೆ ಹೋಯಿತು, ಇನ್ನೊಂದು ಪಾಲು ಸಾಲಗಾರರಿಗೆ ಹೋಯಿತು. ಲಾರ್ ಎಂಬ ಊರಿಗೆ ಬರುವಷ್ಟರಲ್ಲಿ, ಕಳ್ಳರ ಕೈಗೆ ಸಿಕ್ಕು ಎಲ್ಲವನ್ನೂ ಕಳೆದುಕೊಂಡ ಗೆಳೆಯನೊಬ್ಬ ಎದುರಾದನು. ಉಳಿದದ್ದನ್ನು ಕವಿ ಅವನ ಕೈಗಿಟ್ಟನು. ಇಲ್ಲಿಗೇ ಯಾತ್ರೆ ಮುಗಿಯಬೇಕಾಗಿತ್ತು. ಅದೃಷ್ಟವಶಾತ್ ದಖ್ಖನಿನ ಕಡೆಗೆ ಹೊರಟಿದ್ದ ಇಬ್ಬರು ಪಾರಸಿಕ ವರ್ತಕರು ಕವಿಯ ಖರ್ಚನ್ನು ತಾವು ವಹಿಸಿಕೊಂಡು ಹೊರ್ಮುಜಿಗೆ ಕರೆತಂದರು.

ಅಲ್ಲಿ ಸುಲ್ತಾನನ ಹಡಗೇ ಕಾದು ನಿಂತಿತ್ತು. ಹಾಫಿಜ್ ಹಡಗನ್ನೇರಿದನು. ಲಂಗರು ಎತ್ತುವ ಮೊದಲೇ ಬಿರುಗಾಳಿ ಎದ್ದು ಹಡಗು ಹೊಯ್ದಾಡತೊಡಗಿತು. ಅಷ್ಟೇ ಸಾಕಾಯಿತು. ಗೆಳೆಯರೊಬ್ಬರಿಗೆ ವಿದಾಯ ಹೇಳುವುದು ಉಳಿದಿದೆ, ಈಗ ಬಂದೆ ಎಂದು ನೆಪ ಹೇಳಿ ದಡಕ್ಕಿಳಿದ ಕವಿ, ತನ್ನ ಮನಸ್ಸು ಬದಲಾದ ಕಾರಣವನ್ನು ಒಂದು ಗಜಲಿನಲ್ಲಿ ಬರೆದು ಫಜಲುಲ್ಲನಿಗೆ ತಲುಪಿಸುವಂತೆ ಕೊಟ್ಟು ಷಿರಾಜಿನ ದಾರಿ ಹಿಡಿದನು. ಕಲಬುರಗಿಗೆ ಕವಿಯ ಬದಲು ಗಜಲು ಬಂತು. ಸುಲ್ತಾನನು ಸಿಟ್ಟಾಗಲಿಲ್ಲ. ಅಷ್ಟು ದೂರ ಬರಲು ಮನಸ್ಸು ಮಾಡಿದ್ದಕ್ಕಾದರೂ ಮರ್ಯಾದೆ ಸಲ್ಲಬೇಕೆಂದು ಸಾವಿರ ಚಿನ್ನದ ಟಂಕೆಗಳ ಬೆಲೆಯ ಹಿಂದೂಸ್ಥಾನದ ವಸ್ತುಗಳನ್ನು ಷಿರಾಜಿಗೆ ಕಳುಹಿಸಿಕೊಟ್ಟನಂತೆ. ಫಿರಿಶ್ತಾ ಇದನ್ನು ಬರೆದದ್ದು ಸುಮಾರು ಎರಡು ಶತಮಾನ ಕಳೆದ ಮೇಲೆ, ವಿಜಾಪುರದಲ್ಲಿ ಕೂತು. ಆದ್ದರಿಂದ ಇದರಲ್ಲಿ ಉಪ್ಪುಖಾರ ಸೇರಿರಲಾರದೆಂದು ಹೇಳಲಾಗದು. ಆದರೂ ಒಳನಾಡಿನಲ್ಲಿ ಹುಟ್ಟಿ ಬೆಳೆದವನು ಮೊದಲ ಬಾರಿಗೆ ಹಡಗಿನ ಹಲಗೆಯ ಮೇಲೆ ಕಾಲಿಟ್ಟಾಗ ಏನಾಗುತ್ತದೆಂಬುದು ಇದರಲ್ಲಿ ಸುಳ್ಳಾಗಿಲ್ಲ. ನಿಮ್ಮ ಮನೆಯ ಹಿರಿಯರು ಮಲ್ಪೆಯ ಧಕ್ಕೆಯವರೆಗೆ ಬಂದು, ದೋಣಿಯನ್ನು ನೋಡಿ, ‘ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡ್ತೀನಿ’ ಎಂದರೆ ನಗಬೇಡಿರಿ. ಅವರು ಹಾಫಿಜನ ಸಾಲಿನವರು.

ಹಾಫಿಜನಿಗಾದರೂ ಕವಿಯೆಂಬ ರಿಯಾಯತಿಯಿದೆ. ರಾಯಭಾರಿಗಳ ಗತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಹೆರಾತಿನ ಷಾರುಖ್ ಸುಲ್ತಾನನ ದೂತನಾಗಿ 1442ರಲ್ಲಿ ಹೊರಟ ಅಬ್ದುರ್ ರಜಾಕನು ಹೊರ್ಮುಜಿನಲ್ಲಿ ತಡವಾಗಿ, ಋತು ಮೀರುವ ಹೊತ್ತಿಗೆ ಹಡಗು ಹತ್ತಿದನು. ಹಡಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ದಿನ ಎಚ್ಚರವಿಲ್ಲದೆ ಬಿದ್ದಿದ್ದೆನೆಂದು ತಾನೇ ಬರೆದುಕೊಂಡಿದ್ದಾನೆ. ಎಚ್ಚರವಾದಾಗ ಜೊತೆಯ ವರ್ತಕರು, ಪಯಣದ ಕಾಲ ಕಳೆದುಹೋಯಿತು, ಇನ್ನು ಮುಂದಕ್ಕೆ ಹೋಗುವುದು ಸಾವಿಗೆ ಹೋದಂತೆ ಎಂದು ಗೋಳಾಡುತ್ತಿದ್ದರಂತೆ. ಎಲ್ಲರೂ ಮಸ್ಕತಿನಲ್ಲಿ ಇಳಿದು ಆ ಕಡಲತೀರದ ಸುಡುಬೇಸಗೆಯಲ್ಲಿ ತಿಂಗಳುಗಟ್ಟಲೆ ಬೆಂದರು. ಕೊನೆಗೆ ಗಾಳಿ ಒದಗಿ ಬಂದಾಗ ಅದೇ ಕಡಲನ್ನು ಕಲ್ಲಿಕೋಟೆಯವರೆಗೆ ದಾಟಲು ಹಿಡಿದದ್ದು ಹದಿನೆಂಟು ದಿನ ಮಾತ್ರ. ಆತ ವಿಜಯನಗರವನ್ನು ಕಂಡು, ಹಿಂದಿರುಗುವಾಗ ನಮ್ಮ ಕರಾವಳಿಗಿಳಿದು ಹೊನ್ನಾವರದಲ್ಲಿ ಹಡಗು ಗೊತ್ತುಮಾಡಿಕೊಂಡನು.

ಇನ್ನೊಬ್ಬನು ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಅವನು ಹೊರ್ಮುಜಿನಿಂದ ಒಂದೇ ಒಂದು ಕುದುರೆಯನ್ನು ಹಡಗಿಗೇರಿಸಿ ಚೌಲಕ್ಕೆ ತಂದನು. ಲೆಕ್ಕಾಚಾರ ಸರಳವಾಗಿತ್ತು, ದಖ್ಖನಿನಲ್ಲಿ ಕುದುರೆಗೆ ಬೆಲೆ ಹೆಚ್ಚು. ಆದರೆ ಜುನ್ನರಿನ ಅಧಿಕಾರಿ ಕುದುರೆಯನ್ನೇ ಕಸಿದುಕೊಂಡು, ಮತಾಂತರವಾದರೆ ಮರಳಿ ಕೊಡುವೆನೆಂದನು. ಪುಣ್ಯವಂತರೊಬ್ಬರು ನಡುವೆ ಬಂದು ಬಿಡಿಸಿಕೊಟ್ಟರು. ಆ ಕುದುರೆಗೆ ಹುಲ್ಲು ಕಾಳು ಹಾಕಿ ಸಾಕುತ್ತ ಬೀದರಿಗೆ ಬಂದು, ಅಲ್ಲಿ ಮಾರಿದ್ದಾಯಿತು. ಅವನು ಕಲಬುರಗಿಗೂ ಬಂದನು. ಆಳಂದದಲ್ಲಿ ಷೇಖ್ ಅಲಾವುದ್ದೀನರ ಹೆಸರಿನಲ್ಲಿ ಸೇರುತ್ತಿದ್ದ ಜಾತ್ರೆಗೆ ಹಿಂದೂಸ್ಥಾನದ ಎಲ್ಲ ಕಡೆಯ ವ್ಯಾಪಾರಿಗಳು ಬರುತ್ತಿದ್ದರೆಂದೂ, ಇಪ್ಪತ್ತು ಸಾವಿರದವರೆಗೆ ಕುದುರೆಗಳು ಅಲ್ಲಿ ಮಾರಾಟಕ್ಕೆ ಕೂಡುತ್ತಿದ್ದವೆಂದೂ ಅವನ ಬರವಣಿಗೆಯಲ್ಲಿದೆ. ಲಾಡ್ಲೆ ಮಷಾಯಿಕರ ದರ್ಗಾಕ್ಕೆ ಹೋದವರಿಗೆ ಆ ಬಯಲು ಗೊತ್ತು. ಇಂದಿನ ಬೀದರ್–ಕಲಬುರಗಿ ರಸ್ತೆ ಹುಮನಾಬಾದ್, ಕಮಲಾಪುರಗಳ ಮೇಲೆ ಬರುತ್ತದೆ. 2017ರಲ್ಲಿ ಆರಂಭವಾದ ರೈಲೂ ಕಮಲಾಪುರವನ್ನು ಮುಟ್ಟಿಯೇ ಬರುತ್ತದೆ.

ಕಮಲಾಪುರವೆಂದ ಮೇಲೆ ಅಲ್ಲಿಯ ಕೆಂಪು ಬಾಳೆಯನ್ನು ನೆನೆಯದೆ ಮುಂದೆ ಹೋಗಲಾಗದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಹಣ್ಣಿನ ಹಿರಿಯರು ದ್ವೀಪದವರು. ಮನುಷ್ಯರು ಬಾಳೆಯನ್ನು ನೆಟ್ಟು ಬೆಳೆಸಿದ ಅತಿ ಹಳೆಯ ಕುರುಹುಗಳಲ್ಲಿ ಒಂದು ದೊರೆತಿರುವುದು ನ್ಯೂಗಿನಿ ದ್ವೀಪದ ಕೂಕ್ ಎಂಬ ಜವುಗು ಪ್ರದೇಶದಲ್ಲಿ. ಅದಕ್ಕೆ ಸುಮಾರು ಏಳು ಸಾವಿರ ವರ್ಷ ವಯಸ್ಸು. ಆ ಉಷ್ಣವಲಯದ ದ್ವೀಪಗಳಿಂದ ಕೈಯಿಂದ ಕೈಗೆ, ದೋಣಿಯಿಂದ ದೋಣಿಗೆ ದಾಟಿ ಬಂದ ಗಿಡದ ಸಂತತಿ ಇಂದು ನಮ್ಮ ಬಯಲಿನ ಒಂದು ಊರಿಗೆ ಹೆಸರು ತಂದಿದೆ. ಬುತ್ತಿಯ ಗಂಟಿನಲ್ಲಿ ನಾಲ್ಕಾರು ಹಣ್ಣಿಟ್ಟುಕೊಂಡು ಹೊರಟರೆ, ದ್ವೀಪದ ಹಣ್ಣನ್ನು ಮರಳಿ ದ್ವೀಪಕ್ಕೆ ಒಯ್ದಂತಾಗುತ್ತದೆ.

ಸರಿ, ಯಾವ ದ್ವೀಪಕ್ಕೆ ಹೋಗುವುದು? ಮೂರು ನಾಲ್ಕು ದಿನಗಳ ಬಿಡುವಿರುವ ಮನೆಯವರಿಗೆ ನನ್ನ ಆಯ್ಕೆ ಉಡುಪಿಯ ಹತ್ತಿರ, ಮಲ್ಪೆಯಿಂದ ಸುಮಾರು ಆರು ಕಿಲೋಮೀಟರು ಕಡಲೊಳಗಿರುವ ಸೇಂಟ್ ಮೇರಿ ದ್ವೀಪಗಳು. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಕಾರವಾರದ ಎದುರಿಗಿರುವ ಅಂಜದೀವ ಇತಿಹಾಸದಲ್ಲಿ ಇದಕ್ಕಿಂತ ಹೆಸರಾದದ್ದು, ಆದರೆ ಅದು ನೌಕಾದಳದ ವಶದಲ್ಲಿದೆ. ಸಾಮಾನ್ಯರಿಗೆ ಪ್ರವೇಶವಿಲ್ಲ. ಈ ಎರಡೂ ದ್ವೀಪಗಳಿಗೆ ಒಂದೇ ತಿಂಗಳಲ್ಲಿ ಬಂದವನು ವಾಸ್ಕೋ ಡ ಗಾಮ.

ಅವನು 1498ರ ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯಿಂದ ಹೊರಟದ್ದು ಸಂತೋಷದಿಂದಲ್ಲ. ಸಾಮೂದಿರಿಯೊಡನೆ ಮನಸ್ತಾಪವಾಗಿ, ಹಿಡಿದ ಕೆಲವು ಜನರನ್ನು ಹಡಗಿನಲ್ಲಿ ಇಟ್ಟುಕೊಂಡೇ ಹೊರಟಿದ್ದನು. ಸೆಪ್ಟೆಂಬರ್ ನಡುವಿನಲ್ಲಿ ದಡದಿಂದ ತುಸು ದೂರದ ಕೆಲವು ನಡುಗಡ್ಡೆಗಳ ಬಳಿ ಬಂದಾಗ ಮೀನು ಹಿಡಿದ ದೋಣಿಗಳು ಹತ್ತಿರ ಬಂದವು. ಗಾಮನು ಆ ಬೆಸ್ತರಿಗೆ ಅಂಗಿಗಳನ್ನು ಕೊಟ್ಟು, ಈ ಗಡ್ಡೆಯ ಮೇಲೆ ಒಂದು ಕಲ್ಲುಕಂಬ ನೆಡಬಹುದೇ ಎಂದು ಕೇಳಿಸಿದನಂತೆ. ಅವರು ಸಂತೋಷದಿಂದ ಒಪ್ಪಿದರೆಂದು ಹಡಗಿನ ದಿನಚರಿಯಲ್ಲಿದೆ. ಆ ದಿನಚರಿಯನ್ನು ಬರೆದವನು, ಬೆಸ್ತರೂ ತಮ್ಮಂತೆಯೇ ಕ್ರೈಸ್ತರೆಂದು ತಿಳಿದಿದ್ದನು. ಮೂರು ತಿಂಗಳು ಮಲಬಾರಿನಲ್ಲಿದ್ದು, ದೇವಾಲಯದೊಳಗೂ ಹೋಗಿ ಬಂದವರಿಗೆ ಹಿಂದೂಗಳು ಯಾರೆಂಬುದು ಇನ್ನೂ ತಿಳಿದಿರಲಿಲ್ಲ! ಯಾವ ಭಾಷೆಯಲ್ಲಿ ಕೇಳಿದರು, ಮೊಗವೀರರು ಏನೆಂದು ತಿಳಿದು ತಲೆಯಾಡಿಸಿದರು, ನೀವೇ ಊಹಿಸಿಕೊಳ್ಳಿರಿ. ಪೋರ್ತುಗಲ್ಲಿನ ದೊರೆ ಕೊಟ್ಟು ಕಳುಹಿಸಿದ್ದ ಮೂರು ಕಂಬಗಳಲ್ಲಿ ಸಾಂತ ಮರಿಯ ಎಂಬ ಹೆಸರಿನದು ಹೀಗೆ ಇಲ್ಲಿ ನಿಂತಿತು. ಆ ಹೆಸರೇ ಮುಂದೆ ದ್ವೀಪಗಳಿಗೆ ಅಂಟಿಕೊಂಡಿತು. ಕಂಬ ಈಗ ಇಲ್ಲ.

ಅಲ್ಲಿಂದ ಅಂಜದೀವಕ್ಕೆ ಹೋಗಿ ಹಡಗುಗಳ ತಳ ಕೆರೆದು, ಸೌದೆ ನೀರು ತುಂಬಿಕೊಂಡು, ಅಕ್ಟೋಬರ್ 5ರಂದು ಗಾಮನು ಆಫ್ರಿಕದ ಕಡೆ ಹಾಯಿ ಬಿಚ್ಚಿದನು. ನಾನು ಮೊದಲಿಗೆ ಹೇಳಿದ ಋತುವಿನ ಮಾತು ನೆನಪಿರಲಿ. ಬರುವಾಗ ಮಲಿಂದಿಯ ಅರಸನು ಗಾಳಿಯನ್ನು ಬಲ್ಲ ಮಾರ್ಗದರ್ಶಿಯನ್ನು ಜೊತೆಗೆ ಕೊಟ್ಟಿದ್ದನು. ನೈಋತ್ಯ ಮಾರುತದ ಬೆನ್ನೇರಿ 23 ದಿನಗಳಲ್ಲಿ ಮಲಬಾರಿನ ಗುಡ್ಡಗಳು ಕಂಡಿದ್ದವು. ಹೋಗುವಾಗ ಈಶಾನ್ಯ ಮಾರುತ ನೆಲೆಗೊಳ್ಳುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಗಾಳಿಯೇ ಇಲ್ಲದ ಕಡಲಿನಲ್ಲಿಯೂ ಎದುರುಗಾಳಿಯಲ್ಲಿಯೂ ಅದೇ ದಾರಿ ಮೂರು ತಿಂಗಳಿಗೆ ಮೂರು ದಿನ ಕಡಿಮೆಯಾಗಿ ಎಳೆಯಿತು. 1499ರ ಜನವರಿ 2ರಂದು ಆಫ್ರಿಕದ ತೀರ ಕಂಡಾಗ ಮೂವತ್ತು ಜನ ವಸಡು ಬಾತು ಕೊಳೆಯುವ ಸ್ಕರ್ವಿ ರೋಗದಿಂದ ಸತ್ತಿದ್ದರು. ಒಂದೊಂದು ಹಡಗಿನಲ್ಲಿ ನಿಂತು ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ. ನಮ್ಮ ಕರಾವಳಿಯ ಯಾವ ತಾಂಡೇಲನನ್ನು ಕೇಳಿದ್ದರೂ ಇನ್ನೊಂದಷ್ಟು ವಾರ ತಡೆದು ಹೊರಡೆಂದು ಹೇಳುತ್ತಿದ್ದನು. ಆದರೆ ಜನರನ್ನು ಸೆರೆ ಹಿಡಿದು ಹೊರಟವನು ಅವರ ಬುದ್ಧಿಮಾತನ್ನು ಯಾವ ಮುಖದಿಂದ ಕೇಳುವುದು?

ಗಾಮನ ಕಂಬ ಹೋದರೂ ದ್ವೀಪದ ತುಂಬ ಬೇರೆಯ ಕಂಬಗಳಿವೆ. ಅವನ್ನು ನೋಡುವುದಕ್ಕಾಗಿಯೇ ಅಷ್ಟು ದೂರ ಹೋಗಬೇಕು. ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು, ಶಿಲ್ಪಿ ಉಳಿ ಹಿಡಿದು ಸವರಿ ಒತ್ತಾಗಿ ನಿಲ್ಲಿಸಿದಂತೆ, ನೀರಿನಿಂದ ಎದ್ದು ನಿಂತಿವೆ. ಇದು ಮನುಷ್ಯನ ಕೆಲಸವಲ್ಲ. ಬೇಸಗೆಯಲ್ಲಿ ನಮ್ಮ ಎರೆಹೊಲ ಒಣಗಿ ಬಿರಿದಾಗ ನೆಲದ ಮೇಲೆ ಮೂಲೆಮೂಲೆಯ ಹೆಂಟೆಗಳಾಗುವುದನ್ನು ನೀವು ಕಂಡಿದ್ದೀರಿ. ಮಣ್ಣು ನೀರಾರಿ ಕುಗ್ಗುತ್ತದೆ, ಬಿರುಕು ಒಂದನ್ನೊಂದು ಸೇರಿ ಮೂಲೆಗಳಾಗುತ್ತವೆ. ಇಲ್ಲಿ ಕುಗ್ಗಿದ್ದು ಕಾದ ಶಿಲಾರಸ. ಅದು ಆರುತ್ತ ಹೋದಂತೆ ಬಿರುಕು ಮೇಲಿನಿಂದ ಕೆಳಗಿಳಿದು ಕಂಬವಾಯಿತು. ಕಲಬುರಗಿ, ಕಮಲಾಪುರಗಳ ಕರಿಕಲ್ಲೂ ಜ್ವಾಲಾಮುಖಿಯದೇ, ಆದರೆ ಅದಕ್ಕೆ ಸುಮಾರು 6.6 ಕೋಟಿ ವರ್ಷ ವಯಸ್ಸು. ದ್ವೀಪದ ಕಲ್ಲು ಅದಕ್ಕೂ ಹಿರಿಯದು, ಎಂಟೂವರೆ ಕೋಟಿಯಿಂದ ಒಂಬತ್ತು ಕೋಟಿ ವರ್ಷಗಳದು. ಸಿಲಿಕಾ ಹೆಚ್ಚಾಗಿರುವ ಬೇರೆ ಜಾತಿಯದು. ಭಾರತವೂ ಮಡಗಾಸ್ಕರವೂ ಒಂದೇ ನೆಲವಾಗಿದ್ದು ಸೀಳಿ ಬೇರಾದ ಕಾಲದಲ್ಲಿ ಉಕ್ಕಿದ್ದು. ಸಾವಿರಾರು ಕಿಲೋಮೀಟರು ಆಚೆಯಿರುವ ಆ ಮಹಾದ್ವೀಪದಲ್ಲಿಯೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಮಕ್ಕಳು ಕಲ್ಲಿನ ಮೇಲೆ ಹೆಸರು ಕೆತ್ತದಂತೆಯೂ ಚೂರುಗಳನ್ನು ಜೇಬಿಗಿಳಿಸದಂತೆಯೂ ನೋಡಿಕೊಳ್ಳಿರಿ.

ದ್ವೀಪಗಳು ಮುಖ್ಯವಾಗಿ ನಾಲ್ಕು. ಜನರನ್ನು ಇಳಿಸುವುದು ತೆಂಗಿನ ದ್ವೀಪವೆಂಬ ಒಂದರಲ್ಲಿ. ಅದು ಸುಮಾರು ಅರ್ಧ ಕಿಲೋಮೀಟರು ಉದ್ದ, ನೂರು ಮೀಟರು ಅಗಲ. ಇನ್ನೊಂದಕ್ಕೆ ದರಿಯಾ ಬಹಾದ್ದೂರಗಢವೆಂದು ಹೆಸರು. ಬಿದನೂರಿನ ಅರಸರ ಕಾಲದ ಕೋಟೆಯೊಂದರ ನೆನಪು ಆ ಹೆಸರಿನಲ್ಲಿ ಉಳಿದಿದೆ. ಯಾವುದರಲ್ಲೂ ಜನವಸತಿಯಿಲ್ಲ, ರಾತ್ರಿ ಉಳಿಯುವಂತಿಲ್ಲ.

ಇನ್ನು ಹೊರಡುವ ಮಾತು. ಕಲಬುರಗಿಯಿಂದ ಉಡುಪಿಗೆ ಸುಮಾರು ಆರು ನೂರು ಕಿಲೋಮೀಟರು. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ ಹಿಡಿದು ಲೆಕ್ಕ ಹಾಕಿರಿ. ಡಿಸೆಂಬರ್, ಜನವರಿ, ಫೆಬ್ರುವರಿ ಒಳ್ಳೆಯ ತಿಂಗಳು. ನಮ್ಮಲ್ಲಿ ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರು ಮಳೆಯಾದರೆ ಉಡುಪಿಯಲ್ಲಿ ನಾಲ್ಕು ಸಾವಿರಕ್ಕೂ ಮೀರುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಜೂನ್ 1ರಿಂದ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧ. ದ್ವೀಪದ ಪ್ರವಾಸಿ ದೋಣಿಗಳೂ ಮಳೆಗಾಲ ಪೂರ್ತಿ ನಿಂತಿರುತ್ತವೆ. ಶ್ರಾವಣದಲ್ಲಿ ಶ್ರೀಕೃಷ್ಣನ ದರ್ಶನಕ್ಕೆ ಬಂದವರು ದ್ವೀಪವನ್ನೂ ನೋಡಿಬಿಡೋಣವೆಂದರೆ ಆಗುವುದಿಲ್ಲ. ಆ ಕೃಷ್ಣನೂ ಕಡಲಿನಿಂದ ಬಂದವನೇ. ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಉತ್ತರೀಯ ಬೀಸಿ ದಡಕ್ಕೆ ಕರೆದರೆಂದೂ, ಅದರಲ್ಲಿದ್ದ ಗೋಪೀಚಂದನದ ಹೆಂಟೆಯೊಳಗೆ ವಿಗ್ರಹ ಸಿಕ್ಕಿತೆಂದೂ ಐತಿಹ್ಯ. ಮೊದಲ ದಿನ ಮಠವನ್ನೂ ಮಲ್ಪೆಯ ವಡಭಾಂಡೇಶ್ವರವನ್ನೂ ನೋಡಿಕೊಂಡು, ಎರಡನೆಯ ದಿನದ ಬೆಳಗನ್ನು ದ್ವೀಪಕ್ಕೆ ಇಡಿರಿ. ವಾರದ ನಡುವಿನ ದಿನವಾದರೆ ನೂಕುನುಗ್ಗಲು ಕಡಿಮೆ.

ನಮ್ಮ ಬಿಸಿಲಿಗೂ ಅಲ್ಲಿಯ ಬಿಸಿಲಿಗೂ ಸ್ವಭಾವ ಬೇರೆ. ಇಲ್ಲಿ ಬೆವರು ಆರುತ್ತದೆ, ಅಲ್ಲಿ ಆರುವುದಿಲ್ಲ. ತೆಳು ಹತ್ತಿಯ ಬಟ್ಟೆ, ತಲೆಗೊಂದು ಟವೆಲು, ಕುಡಿಯುವ ನೀರು ಇವು ಮುಖ್ಯ. ಇಳಕಲ್ ಸೀರೆ ಉಡುಪಿಯ ಮಠಕ್ಕೆ ಚೆಂದ, ಒದ್ದೆ ಬಂಡೆಗೆ ಅಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎರಡು ದಿನಕ್ಕೆ ಕೆಡುವುದಿಲ್ಲ. ತೆಂಗಿನೆಣ್ಣೆಯ ಅಡಿಗೆ ಒಗ್ಗದವರಿಗೆ ಅದೇ ಆಸರೆ. ತಿಂದ ಮೇಲಿನ ಕಾಗದ, ಚೀಲ, ಬಾಳೆಸಿಪ್ಪೆ ಇವೆಲ್ಲ ನಿಮ್ಮೊಡನೆಯೇ ಹಿಂದಿರುಗಲಿ.

ಕೊನೆಯದಾಗಿ ನೀರಿನ ಮಾತು. ಬಾವಿಯಲ್ಲೂ ಕೆರೆಯಲ್ಲೂ ಈಜು ಕಲಿತವರಿಗೆ ಕಡಲು ಗೊತ್ತೆಂದು ತಿಳಿಯಬಾರದು. ನಿಕಿತಿನನು ಹೊರ್ಮುಜಿನಲ್ಲಿ ಮೊದಲು ಗಮನಿಸಿದ್ದು ದಿನಕ್ಕೆ ಎರಡು ಸಲ ಕಡಲು ಏರಿ ಬರುವುದನ್ನು. ದ್ವೀಪದಲ್ಲಿ ನೀವು ನಿಂತ ಬಂಡೆ ಒಂದು ಗಂಟೆಯ ಮೇಲೆ ಬಂಡೆಯಾಗಿ ಉಳಿದಿರುವುದಿಲ್ಲ. ಪಾಚಿಗಟ್ಟಿದ ಕಂಬಗಳ ನಡುವೆ ಅಲೆ ಒಮ್ಮೆ ಎಳೆದರೆ ಹಿಡಿದುಕೊಳ್ಳಲು ಏನೂ ಸಿಗದು. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿಯೇ ಕಡಲಿನ ಪಾಲಾದರು. ಕಾವಲಿನವರು ಸೀಟಿ ಊದಿ ಹಿಂದೆ ಸರಿಯಿರೆಂದರೆ ಸರಿಯಬೇಕು. ದೋಣಿಯಲ್ಲಿ ಜೀವರಕ್ಷಕ ಅಂಗಿ ಕೊಟ್ಟರೆ ಸೆಖೆಯೆಂದು ಬಿಚ್ಚಿಡಬಾರದು. ಮಲ್ಪೆಯಿಂದ ಅರ್ಧ ಗಂಟೆಯೊಳಗೆ ದ್ವೀಪ ಮುಟ್ಟುತ್ತೀರಿ. ಇಳಿಯುವಾಗಲೇ ಮರಳುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ದೋಣಿಯವರನ್ನೇ ಕೇಳಿಟ್ಟುಕೊಳ್ಳಿರಿ. ಗಾಳಿ ಎದ್ದಿದೆ, ಇವತ್ತು ದೋಣಿ ಬಿಡುವುದಿಲ್ಲ ಎಂದು ಧಕ್ಕೆಯಲ್ಲಿ ಹೇಳಿದರೆ ಅವರೊಡನೆ ವಾದಿಸದೆ, ಮಕ್ಕಳನ್ನು ಮಲ್ಪೆಯ ಮರಳಿನ ಮೇಲೆ ಆಡಲು ಬಿಟ್ಟು, ಮರುದಿನ ಬೆಳಿಗ್ಗೆ ಮತ್ತೆ ಬಂದು ವಿಚಾರಿಸಿರಿ.